ಖಾಲಿ ಬಿಟ್ಟ ಸಾಲುಗಳು

ಮಾಲಿನಿ ಟೀಚರು ಪುಸ್ತಕ ಬರೆಯುತ್ತಿದ್ದಾರೆ ಎಂಬ ಸುದ್ದಿ ಅರಸೀಕೆರೆಯ ಅವರ ಬೀದಿಗೆ ಹನ್ನೊಂದು ವರ್ಷದಷ್ಟು ಹಳೆಯದು. ಮೊದಮೊದಲು ಎದುರು ಸಿಕ್ಕವರೆಲ್ಲ, "ಎಲ್ಲಿಗೆ ಬಂತು ಟೀಚರ್, ಪುಸ್ತಕ?" ಅಂತ ಕೇಳುತ್ತಿದ್ದರು. ಪಾಯ ತೋಡಿ ನಿಲ್ಲಿಸಿದ ಸೈಟಿನ ಮುಂದೆ ಹಾದುಹೋಗುವವರು ಗೃಹಪ್ರವೇಶ ಯಾವಾಗ ಅಂತ ಎಷ್ಟು ದಿನ ತಾನೇ ಕೇಳಿಯಾರು? ಬರಬರುತ್ತಾ ಅವರೂ ಸುಮ್ಮನಾದರು. ಕೇಳುವವರು ಇಲ್ಲವಾದ ಮೇಲೆ ಮಾಲಿನಿಗೆ ಒಂದು ಕಡೆ ಹಗುರ, ಇನ್ನೊಂದು ಕಡೆ ಬೇಸರ.

ಪುಸ್ತಕ ಅತ್ತೆ ದ್ಯಾವಮ್ಮನದು. ಅಂದರೆ ದ್ಯಾವಮ್ಮನ ಬದುಕಿನ ಕತೆ. ಗೆಂಡೆಹಳ್ಳಿ ಹೋಬಳಿಯ ಒಂದು ಸಣ್ಣ ಊರಲ್ಲಿ ನಲವತ್ತು ವರ್ಷ ಹೆರಿಗೆ ಮಾಡಿಸಿದವಳು ಆಕೆ. ಆ ಊರಿನ ಹೆಸರನ್ನು ಮಾಲಿನಿ ತನ್ನ ಬರಹದಲ್ಲಿ ಹಾಕಿರಲಿಲ್ಲ, ನಾವೂ ಹಾಕುವುದು ಬೇಡ. ಊರಿನ ಅರ್ಧ ಜನ ಈ ಲೋಕಕ್ಕೆ ಬಂದದ್ದು ದ್ಯಾವಮ್ಮನ ಕೈಗೆ. ಆ ಕೈ ಮುಟ್ಟಿದ ನೀರನ್ನು ಮಾತ್ರ ಅವರು ಕುಡಿಯುತ್ತಿರಲಿಲ್ಲ.

ಮಾಲಿನಿ ಹಳೇಬೀಡು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಬೆಳಿಗ್ಗೆ ಎಂಟರ ಬಸ್ಸಿಗೆ ಅರಸೀಕೆರೆ ಬಿಟ್ಟರೆ ಸಂಜೆ ಆರಕ್ಕೆ ವಾಪಸ್ಸು. ಗಂಡ ಭೀಮರಾಜ್‌ಗೆ ರೈಲ್ವೆಯಲ್ಲಿ ಕೆಲಸ. ಅವನ ಡ್ಯೂಟಿ ಈ ವಾರ ಹಗಲಾದರೆ ಮುಂದಿನ ವಾರ ರಾತ್ರಿ, ಊಟದ ಡಬ್ಬಿಗೂ ಅದೇ ಪಾಳಿ. ಮಗಳು ಧನುಶ್ರೀ ಹತ್ತನೇ ಕ್ಲಾಸು. ಹತ್ತನೇ ಕ್ಲಾಸಿನ ಮಗಳಿರುವ ಮನೆಯಲ್ಲಿ ತಾಯಿಯಾದವಳು ಪೆನ್ನು ಹಿಡಿದರೆ ಅದು ಮಗಳ ಗಣಿತದ ಹೋಂವರ್ಕಿಗೇ ಹೊರತು ಬೇರೆ ಯಾತಕ್ಕೂ ಅಲ್ಲ.

ಬಸ್ಸಿನಲ್ಲಿ ಬರೆಯೋಣವೆಂದರೆ ಜಾವಗಲ್ ದಾಟುವವರೆಗೆ ಸೀಟಿಲ್ಲ, ದಾಟಿದ ಮೇಲೆ ಪಕ್ಕದಲ್ಲಿ ಕೂತವರಿಗೆ ಮಾತು ಬೇಕು. ಸ್ಕೂಲಿನಲ್ಲಿ ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆಯ ಡ್ಯೂಟಿ. ಉಳಿದದ್ದು ಭಾನುವಾರ. ಭಾನುವಾರ ಬೆಳಿಗ್ಗೆ ಬುದ್ಧ ವಿಹಾರದಲ್ಲಿ ವಂದನೆ. ಮಹಿಳಾ ಸಮಿತಿಗೆ ಮಾಲಿನಿಯೇ ಕಾರ್ಯದರ್ಶಿ. ಇವರು ದೀಕ್ಷೆ ತೆಗೆದುಕೊಂಡು ಇಪ್ಪತ್ತು ವರ್ಷವಾಗಿತ್ತು. ಅದು ಮಾಲಿನಿಗೆ ಬರೀ ಹೆಸರಿಗೆ ಹಚ್ಚಿಕೊಂಡ ಧರ್ಮವಲ್ಲ. ವಿಹಾರದ ಆ ಪುಟ್ಟ ಹಾಲ್‌ನಲ್ಲಿ ಕಣ್ಣು ಮುಚ್ಚಿ ಕೂತಾಗಲೇ ಅವಳಿಗೆ ಜೀವನದಲ್ಲಿ ಮೊದಲ ಸಲ ತಾನು ಯಾರಿಗೂ ಕಡಿಮೆಯಲ್ಲ ಅಂತ ಅನ್ನಿಸಿದ್ದು. ಆ ಋಣವನ್ನು ಅವಳು ಹಗುರವಾಗಿ ಕಂಡವಳಲ್ಲ.

ಆದರೆ ಧಮ್ಮದಲ್ಲೂ ಬರವಣಿಗೆಯ ಕೆಲಸ ಬರುವುದು ಕನ್ನಡ ಟೀಚರ ಹತ್ತಿರವೇ. ಪುರೋಹಿತರಿಲ್ಲದ ಮದುವೆ, ಮುಹೂರ್ತವಿಲ್ಲದ ಗೃಹಪ್ರವೇಶ. ಪ್ರೆಸ್ಸಿನವರ ಹತ್ತಿರ ಇರುವ ಸಿದ್ಧ ಒಕ್ಕಣೆ ಒಂದೂ ಒಗ್ಗುವುದಿಲ್ಲ. ಪ್ರತಿಯೊಂದು ಆಹ್ವಾನಪತ್ರಿಕೆಯನ್ನೂ ಹೊಸದಾಗಿ ಬರೆಯಬೇಕು. ಮದುವೆಗೊಂದು, ನಾಮಕರಣಕ್ಕೊಂದು, ತೀರಿಹೋದವರ ಪುಣ್ಯಾನುಮೋದನೆಗೊಂದು. "ನಿಮ್ ಕೈಲಿ ಬರುದ್ರೆ ಒಂದು ತೂಕ ಟೀಚರ್" ಅಂದುಬಿಡುತ್ತಿದ್ದರು. ಆ ತೂಕಕ್ಕೆ ಮಾಲಿನಿ ಸೋಲುತ್ತಿದ್ದಳು, ನಿಜ ಹೇಳಬೇಕೆಂದರೆ ಸ್ವಲ್ಪ ಉಬ್ಬುತ್ತಲೂ ಇದ್ದಳು. ಹನ್ನೊಂದು ವರ್ಷದಲ್ಲಿ ಅವಳು ಬರೆದ ಪತ್ರಿಕೆಗಳನ್ನು ಒಟ್ಟು ಹಾಕಿ ಹೊಲಿದಿದ್ದರೆ ಎರಡು ಪುಸ್ತಕವಾಗುತ್ತಿತ್ತು.

ಇಷ್ಟರ ನಡುವೆಯೂ ಏಳು ನೋಟ್‌ಬುಕ್ಕು ತುಂಬಿದ್ದು ದ್ಯಾವಮ್ಮನ ನಾಲಗೆಯ ದೆಸೆಯಿಂದ. ಅವರೆಕಾಯಿ ಬಿಡಿಸುತ್ತಾ ಕೂತರೆ ಆಕೆಯ ಬಾಯಲ್ಲಿ ಊರಿನ ನಾಲ್ಕು ತಲೆಮಾರು ಬಂದುಹೋಗುತ್ತಿತ್ತು. ಮಾಲಿನಿ ನೆಲದ ಮೇಲೆ ಕೂತು, ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಆಕೆ ಹೇಳಿದ ಹಾಗೇ ಬರೆದುಕೊಳ್ಳುತ್ತಿದ್ದಳು. ದ್ಯಾವಮ್ಮನಿಗೆ ಅದು ತಮಾಷೆ. "ಓದುದ್ ಸೊಸೆ ತಂದುದ್ಕೆ ನನ್ ಬಾಯಿಗೂ ಒಂದ್ ಬೆಲೆ ಬಂತು ಕಣವ್ವ" ಅನ್ನುತ್ತಿದ್ದಳು.

ಆಕೆಯ ಕತೆಗಳಲ್ಲೆಲ್ಲ ದೊಡ್ಡದು ಮೊರದ ಕತೆ. ದೊಡ್ಡವರ ಮನೆಯಲ್ಲಿ ಹೆರಿಗೆಯೆಂದರೆ ದ್ಯಾವಮ್ಮನನ್ನು ಹಿತ್ತಿಲ ಬಾಗಿಲಿಂದ ಒಳಗೆ ಕರೆಯುತ್ತಿದ್ದರು. ಮಗು ಅತ್ತ ಮೇಲೆ ಅದೇ ಬಾಗಿಲಿಂದ ಹೊರಗೆ. ಮೂರನೆಯ ದಿನ ಹೋಗಿ ಅಂಗಳದಲ್ಲಿ ನಿಂತು ಸೆರಗು ಒಡ್ಡಬೇಕು. ಜಗುಲಿಯ ಮೇಲಿಂದ, ಮೈ ತಾಕದಷ್ಟು ದೂರದಿಂದ, ರಾಗಿ ಸುರಿಯುತ್ತಾರೆ. ಅರ್ಧ ಸೆರಗಿಗೆ, ಅರ್ಧ ನೆಲಕ್ಕೆ. ನೆಲಕ್ಕೆ ಬಿದ್ದದ್ದನ್ನು ಗೋರಿಕೊಂಡು ಹೋಗಬೇಕು. ಭೀಮರಾಜ್ ಮೂರು ವರ್ಷದ ಕೂಸಾಗಿದ್ದಾಗ ಒಂದು ಸಲ ಹಾಗೆ ಮೂರನೆಯ ದಿನ ಹೋದ ದ್ಯಾವಮ್ಮ ಕಂಕುಳಲ್ಲಿ ಒಂದು ಮೊರ ತೆಗೆದುಕೊಂಡು ಹೋದಳು. ಅದನ್ನು ಜಗುಲಿಯ ಅಂಚಿಗಿಟ್ಟು, "ಇದ್ಕೆ ಅಳೆದಾಕಿ. ಇನ್ ಮ್ಯಾಕೆ ಸೆರಗೊಡ್ಡಾಕಿಲ್ಲ" ಅಂದಳು.

ರಾಗಿ ಬೀಳಲಿಲ್ಲ. ಒಂದು ವರ್ಷ ಯಾರೂ ಅವಳನ್ನು ಕರೆಯಲಿಲ್ಲ, ಅವಳ ಗಂಡ ಸಣ್ಣಯ್ಯನಿಗೆ ಕೂಲಿಯೂ ಹುಟ್ಟಲಿಲ್ಲ. ಸಣ್ಣಯ್ಯನೇ ಬೈದ, ಕೇರಿಯವರೂ ಬೈದರು. ದ್ಯಾವಮ್ಮ ಜಗ್ಗಲಿಲ್ಲ. ಮಾರನೆಯ ವರ್ಷ ಅದೇ ಮನೆಯ ಸೊಸೆಗೆ ಮಗು ಅಡ್ಡ ನಿಂತಾಗ ಓಡೋಡಿ ಬಂದು ಕರೆದರು. ಹೋದಳು, ತಾಯಿ ಮಗು ಇಬ್ಬರನ್ನೂ ಉಳಿಸಿದಳು, ಮೂರನೆಯ ದಿನ ಮೊರದ ತುಂಬ ರಾಗಿ ಬಂತು.

ಈ ಕತೆಯ ನಡುವೆ ಒಂದು ಸಂಜೆ ಇದೆ. ಮೊರ ತೆಗೆದುಕೊಂಡು ಹೋಗುವ ಹಿಂದಿನ ದಿನ ದ್ಯಾವಮ್ಮ ಕೆರೆಯ ಕೋಡಿಗೆ ಹೋಗಿದ್ದಳು. ಅಲ್ಲಿ ಹೊಂಗೆಯ ಬುಡದಲ್ಲಿ ಒಂದು ಕಲ್ಲು, ಕೆರೆಕೋಡಮ್ಮ. ಹೆರಿಗೆಗೆ ಹೋಗುವ ಮುಂಚೆ ದ್ಯಾವಮ್ಮ ಒಂದು ಮಾತು ಹೇಳಿ ಹೋಗುತ್ತಿದ್ದದ್ದು ಅವಳಿಗೇ. ಆ ಸಂಜೆ ಅವಳ ಮುಂದೆ ಕೂತು ಏನೇನೋ ಕೇಳಿದಳಂತೆ, ಜಗಳವನ್ನೂ ಆಡಿದಳಂತೆ, ಕೋಡಮ್ಮನೂ ಏನೋ ಅಂದಳಂತೆ. ಕತೆ ಅಲ್ಲಿಗೆ ಬರುತ್ತಿದ್ದ ಹಾಗೆ ಮಾಲಿನಿ ಹಾಳೆಯಿಂದ ಪೆನ್ನು ಎತ್ತಿಬಿಡುತ್ತಿದ್ದಳು.

ಎತ್ತದೆ ಏನು ಮಾಡಿಯಾಳು? ಯಾವ ದೇವರನ್ನೂ ನಂಬುವುದಿಲ್ಲ, ಪೂಜಿಸುವುದಿಲ್ಲ ಅಂತ ಬಾಯಿ ಬಿಟ್ಟು ಪ್ರತಿಜ್ಞೆ ಮಾಡಿದ ಮನೆ. ದ್ಯಾವಮ್ಮನೂ ಬಿಳಿ ಸೀರೆ ಉಟ್ಟು ಜೊತೆಗೆ ನಿಂತು ಹೇಳಿದ್ದಳು. ಮನೆಯಲ್ಲಿದ್ದ ಹಳೆಯ ದೇವರ ಸಾಮಾನನ್ನೆಲ್ಲ ಭೀಮರಾಜ್ ಅವತ್ತೇ ಹೊಳೆಗೆ ಬಿಟ್ಟು ಬಂದಿದ್ದ. ಅಂಥ ಮನೆಯ ಪುಸ್ತಕದಲ್ಲಿ ಕಲ್ಲು ಮಾತಾಡಿತು ಅಂತ ಬರೆದರೆ ಓದಿದವರು ಏನಂದಾರು? ನೋಡಿ, ಇವರು ಬುದ್ಧ ಅಂತಾರೆ, ಒಳಗೆ ಇನ್ನೂ ಅದೇ ಇದೆ ಅಂತ ಆಡಿಕೊಳ್ಳುವುದಿಲ್ಲವೆ? ಅದಕ್ಕೂ ಮಿಗಿಲಾಗಿ, ಅತ್ತೆಯ ಧೈರ್ಯ ಅತ್ತೆಯದೇ. ಅದನ್ನು ಒಂದು ಕಲ್ಲಿಗೆ ಯಾಕೆ ಬರೆದುಕೊಡಬೇಕು ಅಂತ ಮಾಲಿನಿಯ ವಾದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಾಗಾಗಿ ಕೋಡಮ್ಮ ಬಂದಲ್ಲೆಲ್ಲ ಪೆನ್ನು ಎತ್ತಿ, ಕಿಟಕಿಯ ಕಡೆ ನೋಡುತ್ತಾ ಕೂತು, ಮಾತು ಅವಳನ್ನು ದಾಟಿ ಈಚೆ ಬಂದ ಮೇಲೆ ಮತ್ತೆ ಬರೆಯುತ್ತಿದ್ದಳು. ಜಾಗಕ್ಕೆ ಅಂತ ನಾಲ್ಕೋ ಎಂಟೋ ಸಾಲು ಖಾಲಿ ಬಿಡುತ್ತಿದ್ದಳು. ಮುಂದೆ ಬಿಡುವಾದಾಗ ಅತ್ತೆಯನ್ನು ಕೂರಿಸಿಕೊಂಡು, ನಿಜವಾಗಿ ಆ ಧೈರ್ಯ ಹೇಗೆ ಬಂತು ಅಂತ ಕೇಳಿ, ತನ್ನ ಮಾತಿನಲ್ಲಿ ತುಂಬಿದರಾಯಿತು ಅಂತ ಇದ್ದಳು. ಬಿಡುವು ಆಗುತ್ತದೆ ಅಂತ ನಂಬಿದ್ದಳಲ್ಲ, ಅದಕ್ಕೆ ಏನು ಹೇಳೋಣ.

ಬರಬರುತ್ತಾ ದ್ಯಾವಮ್ಮನ ಕತೆಯಲ್ಲಿ ಕೋಡಮ್ಮ ಬರುವುದೇ ಕಡಿಮೆಯಾಯಿತು. ಮಾಲಿನಿ ಅದನ್ನು ಗಮನಿಸಿದಳು, ಅತ್ತೆಗೆ ಧಮ್ಮ ಹತ್ತುತ್ತಿದೆ ಅಂದುಕೊಂಡು ಸಂತೋಷವನ್ನೂ ಪಟ್ಟಳು.

ಒಂದೇ ಒಂದು ಭಾನುವಾರ ದ್ಯಾವಮ್ಮ ತಾನಾಗಿ ಬಾಯಿಬಿಟ್ಟಿದ್ದಳು. ಅದಕ್ಕೆ ಎರಡು ವರ್ಷದ ಮೇಲಾಯಿತು. ವಂದನೆ ಮುಗಿಸಿ ಬಂದು ಮಾಲಿನಿ ಇನ್ನೂ ಸೀರೆ ಬದಲಿಸಿರಲಿಲ್ಲ.

"ಮಗಾ, ಬಾ ಕುಂತ್ಕೊ. ಇವತ್ತು ಕೋಡಿ ತಾವ ಆದುದ್ನೆಲ್ಲ ಯೇಳ್ಬುಡ್ತೀನಿ. ಬರ್ಕೊಂಡ್ರೆ ಬರ್ಕೊ, ಬುಟ್ರೆ ಬುಡು. ನಂಗೂ ಈಚೀಚ್ಗೆ ಎಲ್ಲ ಜಾರೋಗ್ತಾ ಐತೆ."

ಮಾಲಿನಿ ನೋಟ್‌ಬುಕ್ ತೆಗೆದಳು. ಅಷ್ಟರಲ್ಲಿ ಗೇಟು ಸದ್ದಾಯಿತು. ವಿಹಾರದ ಚನ್ನೇಶ್, ತಂಗಿಯ ಮದುವೆಯ ಲಗ್ನಪತ್ರಿಕೆ ಬರೆಸಲು ಬಂದಿದ್ದ. ಪ್ರೆಸ್ಸಿನವನು ಮಧ್ಯಾಹ್ನವೇ ಬೇಕೆಂದಿದ್ದನಂತೆ.

"ಅರ್ಧ ಗಂಟೆ ಅತ್ತೆ, ಇದೊಂದು ಮುಗಿಸಿ ಬಂದೆ" ಅಂದಳು ಮಾಲಿನಿ.

ಚನ್ನೇಶನಿಗೆ ಎರಡು ಮನೆತನದ ಹೆಸರೂ ಸಮ ಅಕ್ಷರದಲ್ಲಿ ಬರಬೇಕು, ಬುದ್ಧರ ವಚನ ಒಂದು ಬೇಕು, ಅಜ್ಜಿಯ ಹೆಸರು ಬಿಡುವ ಹಾಗಿಲ್ಲ. ಅರ್ಧ ಗಂಟೆ ಎರಡು ಗಂಟೆಯಾಯಿತು. ಆಮೇಲೆ ಭೀಮರಾಜ್‌ನ ಊಟದ ಡಬ್ಬಿ, ಧನುಶ್ರೀಯ ಟ್ಯೂಷನ್. ಸಂಜೆ ಬಂದು ನೋಡಿದರೆ ದ್ಯಾವಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮುಂದಿನ ವಾರ ಕೇಳಿದರಾಯಿತು ಅಂತ ಮಾಲಿನಿ ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟಳು. ಮುಂದಿನ ವಾರ ಶಾಲೆಯಲ್ಲಿ ಇನ್‌ಸ್ಪೆಕ್ಷನ್ ಬಂತು.

ಹೀಗೆ ಹೋದ ವಾರಗಳಲ್ಲೇ ದ್ಯಾವಮ್ಮನ ನೆನಪು ಒಂದೊಂದಾಗಿ ಕಳಚುತ್ತಾ ಹೋಯಿತು. ಮೊದಲು ಮಾತ್ರೆ ನುಂಗಿದ್ದು, ಆಮೇಲೆ ಮೊಮ್ಮಗಳ ಹೆಸರು, ಆಮೇಲೆ ಬಚ್ಚಲಿನ ದಾರಿ. ಹಾಸನದ ಡಾಕ್ಟರು ವಯಸ್ಸಿನದು ಅಂದರು, ಹೋದದ್ದು ವಾಪಸ್ಸು ಬರುವುದಿಲ್ಲ ಅಂತಲೂ ಅಂದರು. ಆಕೆಯನ್ನು ನೋಡಿಕೊಳ್ಳುವ ಕೆಲಸವೂ ಸೇರಿ ಮಾಲಿನಿಗೆ ಭಾನುವಾರವೂ ಇಲ್ಲವಾಯಿತು. ಆದರೂ ಹೇಗೋ ಮಾಡಿ, ಈ ವರ್ಷದ ಬೇಸಿಗೆ ರಜೆಯಲ್ಲಿ ಹಠ ಹಿಡಿದು ಕೂತು ಇನ್ನೂರು ಪುಟ ಶುದ್ಧಪ್ರತಿ ಮಾಡಿದಳು. ಖಾಲಿ ಸಾಲುಗಳನ್ನು ತನ್ನ ಮಾತಿನಿಂದಲೇ ತುಂಬಿದಳು. ಬೇಲೂರಿನ ಗಂಗಾಧರಯ್ಯನವರಿಗೆ ಕೊಟ್ಟು ಬಂದಳು.

ಗಂಗಾಧರಯ್ಯ ರಿಟೈರಾದ ಕಾಲೇಜು ಮೇಷ್ಟ್ರು, ವರ್ಷಕ್ಕೆ ಎರಡೋ ಮೂರೋ ಪುಸ್ತಕ ಹೊರತರುವವರು. ಹದಿನೈದು ದಿನ ಬಿಟ್ಟು ಬರಹೇಳಿದರು. ಪ್ರತಿಯನ್ನು ಮೇಜಿನ ಮೇಲಿಟ್ಟು ಕಾಫಿ ಕುಡಿದು ಮುಗಿಸಿದರು.

"ಟೀಚರ್, ಇದು ಬರಲೇಬೇಕಾದ ಪುಸ್ತಕ. ಆದರೆ ಹೀಗಲ್ಲ" ಅಂದರು. "ಹಿಂದಿನ ಹೆರಿಗೆವರೆಗೂ ಸೆರಗೊಡ್ಡಿದ ಹೆಂಗಸು ಈ ಸಲ ಮೊರ ತಗೊಂಡು ಹೋಗ್ತಾಳೆ. ಯಾಕೆ? ಇಲ್ಲಿ ಒಂದು ಪುಟ ಇದೆ, ಆತ್ಮಗೌರವ, ಸಮಾನತೆ ಅಂತೆಲ್ಲ. ಅದು ನೀವು. ವಿಹಾರದಲ್ಲಿ ನಿಮ್ಮ ಭಾಷಣ ಕೇಳಿದೀನಿ ನಾನು. ದ್ಯಾವಮ್ಮ ಎಲ್ಲಿ?"

ಮೇಷ್ಟ್ರು ಪುಟ ತಿರುವಿದರು.

"ಹೀಗೆ ಹನ್ನೆರಡು ಕಡೆ ಗುರುತು ಹಾಕಿದೀನಿ. ಒಂದೊಂದು ಕಡೆಯೂ ಆಕೆ ಮಾತಾಡ್ತಾ ಮಾತಾಡ್ತಾ ಎದ್ದುಹೋಗಿ, ಆ ಜಾಗದಲ್ಲಿ ನೀವು ಬಂದು ಕೂತಿದೀರಿ. ಆಕೆ ಇದ್ದಾರಲ್ಲ? ಕೇಳಿ, ಹೇಳಿದ್ದನ್ನ ಹಾಗೇ ಬರೀರಿ. ನಿಮಗೆ ಒಪ್ಪದೇ ಇದ್ರೂ ಬರೀರಿ."

ಬೇಲೂರಿನಿಂದ ಬಸ್ಸಿನಲ್ಲಿ ಬರುವಾಗ ಮಾಲಿನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೇಷ್ಟ್ರ ಮೇಲಲ್ಲ. ಆ ಹನ್ನೆರಡು ಜಾಗ ಯಾವುವೆಂದು ಅವಳು ತೆರೆದು ನೋಡುವ ಅಗತ್ಯವೇ ಇರಲಿಲ್ಲ. ಹಾಸಿಗೆ, ಬಚ್ಚಲು, ಬಾಣಂತಿ, ಸಾವು, ಎಲ್ಲವನ್ನೂ ಹೇಳಿದ ಹಾಗೇ ಬರೆದವಳು, ಅತ್ತೆ ತನ್ನ ಎದೆ ಬಿಚ್ಚಿದ ಜಾಗದಲ್ಲಿ ಮಾತ್ರ ಬೀಗ ಹಾಕಿ ಬಂದಿದ್ದಳು.

ಮನೆಗೆ ಬಂದವಳು ಮೂರು ದಿನ ರಜೆ ಹಾಕಿದಳು. ಸಮಿತಿಯವರಿಗೆ ಆಗುವುದಿಲ್ಲ ಅಂದಳು, ಎರಡು ಲಗ್ನಪತ್ರಿಕೆ ಬೇರೆಯವರ ಹತ್ತಿರ ಬರೆಸಿಕೊಳ್ಳಿ ಅಂದಳು, ಫೋನು ಆಫ್ ಮಾಡಿದಳು. ಹನ್ನೊಂದು ವರ್ಷ ಆಗದ್ದು ಒಂದು ಬೆಳಿಗ್ಗೆ ಇಷ್ಟು ಸಲೀಸಾಗಿ ಆಗಿಬಿಟ್ಟದ್ದು ನೋಡಿ ಅವಳಿಗೇ ಮೈ ಉರಿಯಿತು. ಎರಡು ದಿನ ಅತ್ತೆಯ ಮುಂದೆ ಕೂತು ಕೋಡಿ, ಮೊರ, ರಾಗಿ ಅಂತ ಕೇಳಿದಳು. ದ್ಯಾವಮ್ಮ ನಕ್ಕಳು, ಊಟ ಆಯ್ತಾ ಅಂದಳು, ಅಷ್ಟೇ.

ಎರಡನೆಯ ದಿನ ಸಂಜೆ ಭೀಮರಾಜ್‌ಗೆ ಎಲ್ಲವನ್ನೂ ಹೇಳಿದಳು. ಬೈಯುತ್ತಾನೆ ಅಂದುಕೊಂಡಿದ್ದಳು. ಮನೆಯಲ್ಲಿ ಊದುಬತ್ತಿಯ ವಾಸನೆ ಬಂದರೂ ಹುಬ್ಬು ಗಂಟಿಕ್ಕುವ ಮನುಷ್ಯ ಅವನು. ಅವನು ಎದ್ದುಹೋಗಿ ಅಮ್ಮನ ಹೊದಿಕೆ ಸರಿಮಾಡಿ ಬಂದ.

"ಅಲ್ಲಿಗೇ ಕರ್ಕೊಂಡು ಹೋಗೋಣ. ಜಾಗ ಕಂಡ್ರೆ ಏನಾದ್ರೂ ನೆನಪು ಬರಬಹುದು" ಅಂದ. "ನಾನು ಒಂದ್ ಸಲಾನೂ ಕೇಳ್ಲಿಲ್ಲ ಮಾಲಿನಿ, ಯಾಕವ್ವ ಹಂಗ್ ಮಾಡ್ದೆ ಅಂತ. ಆ ಮೊರದ್ ರಾಗಿ ತಿಂದೇ ನಾನು ಓದಿದ್ದು. ಕೇಳ್ಬೇಕಿತ್ತು."

ಮಾಲಿನಿಗೆ ಆಗ ನಿಜವಾಗಿಯೂ ಆಸೆ ಹುಟ್ಟಿತು. ಮಾರನೆಯ ಬೆಳಿಗ್ಗೆ ಗಂಡ ಹೆಂಡತಿ ಸೇರಿ ದ್ಯಾವಮ್ಮನಿಗೆ ಸ್ನಾನ ಮಾಡಿಸಿ, ಸೀರೆ ಉಡಿಸಿ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ಹಳೇಬೀಡು ದಾಟಿ ಮಾದಿಹಳ್ಳಿ ಹಾದು ಹೋಗುವಾಗ ದ್ಯಾವಮ್ಮ ಗದ್ದೆಗಳ ಕಡೆ ನೋಡುತ್ತಾ, "ಪೈರು ಚೆಂದಾಗೈತೆ" ಅಂದಳು. ಹಿಂದೆ ಕೂತಿದ್ದ ಮಾಲಿನಿ ಆ ಒಂದು ಮಾತಿಗೇ ನೋಟ್‌ಬುಕ್ ತೆರೆದಳು.

ಕೆರೆ ಇತ್ತು, ಕೋಡಿಯೂ ಇತ್ತು. ಹೊಂಗೆ ಇರಲಿಲ್ಲ. ಕಲ್ಲಿದ್ದ ಜಾಗದಲ್ಲಿ ಟೈಲ್ಸ್ ಹಾಕಿದ ಗುಡಿ, ಕಬ್ಬಿಣದ ಗೇಟು, ಗೇಟಿಗೆ ಬೀಗ. ದ್ಯಾವಮ್ಮ ಗುಡಿಯ ಕಡೆ ನೋಡಿಯೂ ನೋಡದವಳ ಹಾಗೆ ಕೋಡಿಯ ಕಟ್ಟೆಯ ಮೇಲೆ ಕೂತಳು. ಭೀಮರಾಜ್ ಅಮ್ಮನ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ತಾನಿದ್ದರೆ ಸಂಕೋಚವಾದೀತು ಅಂತ ಕಾರಿನ ಹತ್ತಿರ ಹೋಗಿ ನಿಂತ.

ಮಾಲಿನಿ ನೆಲದ ಮೇಲೆ ಕೂತಳು. "ಅತ್ತೆ, ಇದು ನಿಮ್ ಕೋಡಿ. ಕೆರೆಕೋಡಮ್ಮ ಇಲ್ಲೇ ಇದ್ದಿದ್ದು. ಮೊರ ತಗೊಂಡು ಹೋಗೋ ಹಿಂದಿನ್ ದಿನ ನೀವು ಇಲ್ಲಿಗೆ ಬಂದ್ರಿ. ಅವಳನ್ನ ಏನು ಕೇಳಿದ್ರಿ? ಅವಳು ಏನಂದ್ಳು?"

ಕೋಡಮ್ಮ ಅಂದದ್ದೇ ದ್ಯಾವಮ್ಮನ ಮುಖ ಬದಲಾಯಿತು. ತಿಂಗಳುಗಳಿಂದ ಕಾಣದ ಒಂದು ಎಚ್ಚರ ಕಣ್ಣಿಗೆ ಬಂತು. ಹಿಂದಕ್ಕೆ ಮುಂದಕ್ಕೆ ನೋಡಿ, ಮಾಲಿನಿಯ ಕಡೆ ಬಾಗಿ, ದನಿ ತಗ್ಗಿಸಿದಳು.

"ಮೆತ್ಗೆ ಮಾತಾಡವ್ವ. ಯಾರ್ ಮನೆಯೋಳು ನೀನು? ಅವ್ಳ ಸುದ್ದಿ ಎತ್ತಬ್ಯಾಡ. ನಮ್ ಸೊಸೆಗೆ ಆಗಾಕಿಲ್ಲ."

ಮಾಲಿನಿಯ ಕೈ ನೋಟ್‌ಬುಕ್ಕಿನ ಮೇಲೆ ಹಾಗೇ ನಿಂತಿತು.

"ಬಾಳ ಒಳ್ಳೇವ್ಳು ನಮ್ ಸೊಸೆ, ಟೀಚರು. ನಾ ಯೇಳಿದ್ನೆಲ್ಲ ಬರ್ಕೊತಾಳೆ. ಅವ್ಳ ಸುದ್ದಿ ಬಂದ್ರೆ ಮಾತ್ರ ಪೆನ್ ಎತ್ತುಬುಡ್ತಾಳೆ. ಮಕ ಆ ಕಡಿಗೆ ತಿರುಗುಸ್ಕೊತಾಳೆ. ನಂಗೊತ್ತಾಗಾಕಿಲ್ವಾ? ಬೇಜಾರ್ ಮಾಡ್ಕೊತಾಳೆ ಅಂತ ನಾನೇ ಯೇಳದ್ ಬುಟ್ಟೆ."

"ನಿಮ್ ಸೊಸೆ ಇಲ್ಲಿಲ್ಲ ಕಣಮ್ಮ" ಅಂದಳು ಮಾಲಿನಿ. ಅವಳ ದನಿ ಬೇರೆ ಯಾರದೋ ಆಗಿಬಿಟ್ಟಿತ್ತು. "ಸ್ಕೂಲಿಗೆ ಹೋಗವ್ಳೆ. ನನ್ ಹತ್ರ ಹೇಳಿ. ನಾನು ಯಾರಿಗೂ ಹೇಳಾಕಿಲ್ಲ. ಅವಳು ಏನಂದ್ಳು?"

ದ್ಯಾವಮ್ಮ ಬಾಯಿ ತೆರೆದಳು. ನೀರಿನ ಕಡೆ ನೋಡಿದಳು. ಹುಡುಕುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ತುಟಿ ಎರಡು ಸಲ ಅಲುಗಿತು. ಆಮೇಲೆ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಮಾಲಿನಿಯ ಮುಖ ನೋಡಿದಳು.

"ಮರ್ತೋಗೈತೆ ಕಣವ್ವ. ಯೇಳ್ದೇ ಯೇಳ್ದೇ ಮರ್ತೋಯ್ತು."

ಭೀಮರಾಜ್ ದೂರದಿಂದಲೇ ಏನಾಯಿತು ಅಂತ ಕೈಯಲ್ಲಿ ಕೇಳಿದ. ಮಾಲಿನಿ ನೋಟ್‌ಬುಕ್ ಮುಚ್ಚಿದಳು. ಯಾರೂ ಕರೆಯುತ್ತಿರಲಿಲ್ಲ, ಒಲೆಯ ಮೇಲೆ ಏನೂ ಇರಲಿಲ್ಲ, ಊಟದ ಹೊತ್ತಿಗೆ ಇನ್ನೂ ಎರಡು ಗಂಟೆ ಇತ್ತು. ಅತ್ತೆ ಮೊಣಕಾಲಿಗೆ ಮೊಣಕಾಲು ತಾಕುವಷ್ಟು ಹತ್ತಿರ ಕೂತಿದ್ದಳು. ಹನ್ನೊಂದು ವರ್ಷ ಮಾಲಿನಿ ಕೇಳಿಕೊಂಡದ್ದು ಇಂಥದೇ ಒಂದು ಬೆಳಿಗ್ಗೆಯನ್ನು, ಅದು ಈಗ ಸಿಕ್ಕಿತ್ತು, ಬರೆದುಕೊಳ್ಳಲು ಏನೂ ಉಳಿದಿರಲಿಲ್ಲ.